ಕಾಲಿನಲ್ಲಿ ದಾರ ಉಳಿದ ಡೇಗೆ

ಅಡಿಕೆ ತೋಟದ ಬೇಲಿಯ ಮೇಲೆ ಬೆಳಗಿನ ಹೊತ್ತು ಗಿಡುಗವೊಂದು ಕೂತಿದ್ದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅದೇನೂ ಸುದ್ದಿಯಲ್ಲ. ಕೋಳಿಮರಿಗಳನ್ನು ಬುಟ್ಟಿಯಡಿ ಕವುಚಿ ಹಾಕಿ ಮನೆಯವರು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಆದರೆ ಆ ಹಕ್ಕಿ ಮನುಷ್ಯ ಹತ್ತಿರ ಬಂದರೂ ಹಾರದೆ ಕೂತಿದ್ದರೆ? ಅದರ ಕಾಲಿನಿಂದ ಗೇಣುದ್ದದ ತೊಗಲಿನ ಪಟ್ಟಿಯೋ, ದಾರದ ತುಂಡೋ ಜೋತಾಡುತ್ತಿದ್ದರೆ? ಆಗ ನೋಡಿದವರ ಮನಸ್ಸಿನಲ್ಲಿ ಪ್ರಶ್ನೆಗಳ ಸಾಲೇ ಏಳುತ್ತದೆ. ಇದು ಯಾರದು, ಎಲ್ಲಿಂದ ತಪ್ಪಿಸಿಕೊಂಡು ಬಂತು, ಹಿಡಿಯಬೇಕೋ ಬಿಡಬೇಕೋ?

ಬ್ರಿಟನ್ನಿನಲ್ಲಾಗಿದ್ದರೆ ಉತ್ತರ ಸುಲಭ. ಅಲ್ಲಿ ಡೇಗೆ ಹಾರಿಸಿ ಬೇಟೆಯಾಡುವ ಹವ್ಯಾಸ ಇಂದಿಗೂ ಕಾನೂನುಬದ್ಧ. ಆಗಾಗ ಒಂದಲ್ಲ ಒಂದು ಹಕ್ಕಿ ಒಡೆಯನ ಕೈ ತಪ್ಪಿ ಹೋಗುತ್ತದೆ, ಅದರ ಕಾಲಿನ ಉಂಗುರದ ಸಂಖ್ಯೆ ನೋಡಿ ಒಡೆಯನನ್ನು ಪತ್ತೆಹಚ್ಚುತ್ತಾರೆ. ಕೊಲ್ಲಿ ದೇಶಗಳಲ್ಲಿ ಡೇಗೆ ಸಾಕುವುದು ಇನ್ನೂ ದೊಡ್ಡ ಪ್ರತಿಷ್ಠೆ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ 2002ರಿಂದ ಈ ಹಕ್ಕಿಗಳಿಗೆ ಪಾಸ್‌ಪೋರ್ಟನ್ನೇ ಕೊಡುತ್ತಿದ್ದಾರೆ; ಅಬುಧಾಬಿಯಲ್ಲಿ ಡೇಗೆಗಳಿಗೆಂದೇ ದೊಡ್ಡ ಆಸ್ಪತ್ರೆಯಿದೆ. ಕೊಲ್ಲಿಗೆ ದುಡಿಯಲು ಹೋಗಿ ಬಂದ ನಮ್ಮವರಲ್ಲಿ ಹಲವರು ಕೈಗವಸಿನ ಮೇಲೆ ಟೊಪ್ಪಿಗೆ ಹಾಕಿಕೊಂಡು ಕೂತ ಈ ಹಕ್ಕಿಯನ್ನು ಕಣ್ಣಾರೆ ಕಂಡಿರುತ್ತಾರೆ. 2010ರಲ್ಲಿ ಯುನೆಸ್ಕೋ ಈ ಕಲೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ನಂತರ ಪಟ್ಟಿಗೆ ಸೇರುತ್ತ ಹೋದ ದೇಶಗಳಲ್ಲಿ ಪಾಕಿಸ್ತಾನವಿದೆ, ಭಾರತವಿಲ್ಲ.

ಭಾರತ ಇಲ್ಲದಿರುವುದಕ್ಕೆ ಕಾರಣ ಸರಳ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡಿನ ಡೇಗೆಯನ್ನು ಹಿಡಿಯುವುದೂ, ಕಟ್ಟಿ ಸಾಕುವುದೂ ಅಪರಾಧ. ಹಾಗಾಗಿ ಮಲೆನಾಡಿನಲ್ಲಿ ಕಾಲಿಗೆ ದಾರವಿರುವ ಗಿಡುಗ ಕಂಡರೆ ಅದನ್ನು ಹುಡುಕಿಕೊಂಡು ಬರುವ ಒಡೆಯ ಇರುವುದಿಲ್ಲ. ಇದ್ದರೂ ಅವನು ಬಾಯಿ ಬಿಡುವಂತಿಲ್ಲ.

ಹಾಗೆಂದು ಇದು ನಮಗೆ ಪರಕೀಯವಾದ ವಿದ್ಯೆಯೆಂದು ತಿಳಿಯಬೇಕಾಗಿಲ್ಲ. ಕನ್ನಡ ನಾಡಿನ ಚರಿತ್ರೆಯಲ್ಲಿ ಈ ಹಕ್ಕಿ ಎಷ್ಟು ಒಳಗೆ ಬಂದು ಕೂತಿದೆಯೆಂದರೆ, ಅದನ್ನು ಗುರುತಿಸದೆಯೇ ಅದರ ಹೆಸರು ಹೇಳುತ್ತಿರುತ್ತೇವೆ.

ಸಾಳುವ ಎಂಬ ಹೆಸರು

ವಿಜಯನಗರವನ್ನು 1485ರಿಂದ ಆಳಿದ ಸಾಳುವ ನರಸಿಂಹನ ಹೆಸರು ಶಾಲೆಯ ಪುಸ್ತಕದಲ್ಲಿ ಬರುತ್ತದೆ. ಕೃಷ್ಣದೇವರಾಯನ ಮಂತ್ರಿ ಸಾಳುವ ತಿಮ್ಮರಸನ ಹೆಸರಂತೂ ಮನೆಮಾತು. ಘಟ್ಟದ ಕೆಳಗೆ ಗೇರುಸೊಪ್ಪೆ, ಹಾಡುವಳ್ಳಿಗಳಿಂದ ಆಳಿದ ಜೈನ ಅರಸರೂ ಸಾಳುವರೇ. ‘ಸಾಳುವ’ ಎಂದರೆ ಬೇಟೆಗೆ ಬಳಸುವ ಡೇಗೆ ಎಂಬುದು ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ. ಎರಗಿ ಹಿಡಿಯುವ ಹಕ್ಕಿಯ ಹೆಸರನ್ನು ಅರಸುಮನೆತನಗಳು ಬಿರುದಿನಂತೆ ಹೊತ್ತು ತಿರುಗಿದವು. ಸಾಳುವ, ಡೇಗೆ, ಗಿಡುಗ, ಬಿಜ್ಜು ಎಂದು ಹತ್ತಿರ ಹತ್ತಿರದ ಹಕ್ಕಿಗಳಿಗೆ ಇಷ್ಟು ಹೆಸರುಗಳನ್ನು ಇಟ್ಟುಕೊಂಡ ಭಾಷೆಯ ಜನ ಅವುಗಳನ್ನು ಹತ್ತಿರದಿಂದಲೇ ನೋಡಿರಬೇಕು.

ಲಿಖಿತ ಆಧಾರ ಇನ್ನೂ ಹಿಂದಿನದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ ಸಂಸ್ಕೃತದ ದೊಡ್ಡ ವಿಶ್ವಕೋಶ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಿರುವ ಆ ಗ್ರಂಥದಲ್ಲಿ ಅರಸನ ವಿನೋದಗಳಿಗೇ ಒಂದು ಭಾಗ ಮೀಸಲು. ಆನೆ ಕುದುರೆಗಳ ಆಟ, ಮಲ್ಲಯುದ್ಧ, ಕೋಳಿಜಗಳ, ಮೀನು ಹಿಡಿಯುವುದು, ಸಂಗೀತ, ನೃತ್ಯಗಳ ಸಾಲಿನಲ್ಲಿ ‘ಶ್ಯೇನ ವಿನೋದ’ಕ್ಕೂ ಜಾಗ ಕೊಡಲಾಗಿದೆ. ಶ್ಯೇನವೆಂದರೆ ಡೇಗೆ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಒಂಬತ್ತು ಶತಮಾನಗಳ ಹಿಂದೆಯೇ ಇದು ಆಸ್ಥಾನದ ವಿದ್ಯೆಯಾಗಿತ್ತು ಎಂದಾಯಿತು. ಇದೇ ವಿಷಯಕ್ಕೆ ಮೀಸಲಾದ ‘ಶ್ಯೈನಿಕ ಶಾಸ್ತ್ರ’ವೆಂಬ ಸಂಸ್ಕೃತ ಗ್ರಂಥ ಕುಮಾವೂನಿನ ಅರಸ ರುದ್ರದೇವನದು, ಹರಪ್ರಸಾದ ಶಾಸ್ತ್ರಿಗಳು ಅದನ್ನು 1910ರಲ್ಲಿ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದರು.

ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ (ಆಳ್ವಿಕೆ 1580-1627) ಕುದುರೆಯೇರಿ ಕೈಮೇಲೆ ಡೇಗೆ ಕೂರಿಸಿಕೊಂಡು ಹೊರಟ ಚಿತ್ರವೊಂದು ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ದಖ್ಖನಿ ಚಿತ್ರಕಲೆಯ ಮೇಲಿನ ಪುಸ್ತಕಗಳಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಆ ಕಾಲದ ಬೇಟೆಗಾರರು ಬಿಟ್ಟುಹೋದ ಇನ್ನೊಂದು ಆಸ್ತಿ ಹೆಸರುಗಳದ್ದು. ಬೇಟೆಹಕ್ಕಿಗಳಲ್ಲಿ ಹೆಣ್ಣು ದೊಡ್ಡದು, ಗಂಡು ಚಿಕ್ಕದು. ಬೇಟೆಗೆ ಎರಡರ ಉಪಯೋಗವೂ ಬೇರೆ ಬೇರೆ. ಹಾಗಾಗಿ ಒಂದೇ ಜಾತಿಗೆ ಎರಡು ಹೆಸರು. ಬಾಜ್ ಹೆಣ್ಣಾದರೆ ಜುರ್ರಾ ಗಂಡು. ಶಿಕ್ರಾ ಹೆಣ್ಣು, ಚಿಪಕ್ ಗಂಡು. ಬೆಸ್ರಾ ಹೆಣ್ಣು, ಧೋತಿ ಗಂಡು. ಲಗ್ಗರ್ ಹೆಣ್ಣು, ಜಗ್ಗರ್ ಗಂಡು. ಇಂಗ್ಲಿಷಿನ ಪಕ್ಷಿಶಾಸ್ತ್ರ ಶಿಕ್ರಾ, ಬೆಸ್ರಾ, ಲಗ್ಗರ್, ಶಾಹೀನ್‌ಗಳನ್ನು ಹಾಗೆಯೇ ಎತ್ತಿಕೊಂಡಿದೆ. ದುರ್ಬೀನು ಹಿಡಿದು ಹೊರಟ ಇಂದಿನ ಪಕ್ಷಿವೀಕ್ಷಕ ‘ಅಗೋ ಶಿಕ್ರಾ’ ಎಂದಾಗ ಆಡುತ್ತಿರುವುದು ಬೇಟೆಗಾರರ ಮಾತನ್ನೇ.

ಪಳಗಿದ್ದು, ಸಾಕಿದ್ದಲ್ಲ

ತಪ್ಪಿಸಿಕೊಂಡ ಡೇಗೆಯ ವಿಷಯ ಅರ್ಥವಾಗಬೇಕಾದರೆ ಅದು ಒಡೆಯನ ಬಳಿ ಏಕೆ ಇರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಪಾರಿವಾಳ ಗೂಡಿನ ಮೋಹಕ್ಕೆ ಮರಳುತ್ತದೆ, ನಾಯಿ ಒಡೆಯನ ಮೋಹಕ್ಕೆ. ಡೇಗೆಗೆ ಎರಡೂ ಇಲ್ಲ. ಅದು ಮರಳುವುದು ಹಸಿವಿಗೆ.

ಹಿಂದೆ ಈ ಹಕ್ಕಿಗಳನ್ನು ಮೊಟ್ಟೆಯಿಂದ ಬೆಳೆಸುತ್ತಿರಲಿಲ್ಲ. ಚಳಿಗಾಲದ ವಲಸೆಯ ವೇಳೆ ಬಲೆ ಹಾಕಿ ಹಿಡಿಯುತ್ತಿದ್ದರು, ಇಲ್ಲವೇ ಬಂಡೆಗಳ ಗೂಡಿನಿಂದ ಮರಿ ಇಳಿಸುತ್ತಿದ್ದರು. ಹೊಸದಾಗಿ ಹಿಡಿದ ಹಕ್ಕಿ ಹೆದರಿ ಬಡಿದುಕೊಳ್ಳದಂತೆ ಅದರ ಕಣ್ಣಿಗೆ ಕತ್ತಲೆ ಕವಿಸುತ್ತಿದ್ದರು. ಭಾರತದ ಹಳೆಯ ಪದ್ಧತಿಯಲ್ಲಿ ಕಣ್ಣಿನ ರೆಪ್ಪೆಗಳಿಗೆ ನೂಲು ಪೋಣಿಸಿ ಮುಚ್ಚುವುದೂ ಇತ್ತು; ಕೇಳಲು ಕ್ರೂರ, ಮಾಡಿದ್ದು ನಿಜ. ತೊಗಲಿನ ಟೊಪ್ಪಿಗೆ ಪೂರ್ವದ ಕೊಡುಗೆ. ಹದಿಮೂರನೇ ಶತಮಾನದಲ್ಲಿ ಡೇಗೆ ಬೇಟೆಯ ಬಗ್ಗೆ ದೊಡ್ಡ ಗ್ರಂಥ ಬರೆದ ಚಕ್ರವರ್ತಿ ಎರಡನೇ ಫ್ರೆಡರಿಕ್ ಅದನ್ನು ಅರಬರಿಂದ ಕಲಿತುದಾಗಿ ಹೇಳಿದ್ದಾನೆ.

ಮುಂದಿನದೆಲ್ಲ ತಾಳ್ಮೆಯ ಕೆಲಸ. ಕೈಮೇಲೆ ಕೂರಿಸಿಕೊಂಡು ರಾತ್ರಿಯಿಡೀ ಎಚ್ಚರವಿರುವುದು, ಕೈಯಿಂದಲೇ ಮಾಂಸ ಕೊಡುವುದು, ಉದ್ದನೆಯ ದಾರ ಕಟ್ಟಿ ಮೊದಲು ಒಂದು ಗಜ, ಆಮೇಲೆ ಹತ್ತು, ಆಮೇಲೆ ನೂರು ಗಜ ದೂರದಿಂದ ಕರೆಯುವುದು. ಕಡೆಗೊಂದು ದಿನ ದಾರ ಬಿಚ್ಚುವುದು. ಆ ದಿನದಿಂದ ಪ್ರತಿ ಹಾರಾಟವೂ ಜೂಜೇ. ಹಕ್ಕಿಯ ತೂಕ ಸ್ವಲ್ಪ ಹೆಚ್ಚಾದರೂ ಅದಕ್ಕೆ ಒಡೆಯನ ಅಗತ್ಯವಿಲ್ಲ. ಮರದ ಮೇಲೆ ಕೂತು ಗರಿ ತೀಡಿಕೊಳ್ಳುತ್ತದೆ. ತೀರ ಕಡಿಮೆಯಾದರೆ ಬಲ ಕುಂದುತ್ತದೆ. ನುರಿತವರು ಹಕ್ಕಿಯ ಎದೆಯ ಮಾಂಸ ಮುಟ್ಟಿ ನೋಡಿಯೇ ಅದರ ಹದ ಹೇಳುತ್ತಿದ್ದರು. ಇಂದಿನವರು ತಕ್ಕಡಿ ಇಟ್ಟುಕೊಂಡಿದ್ದಾರೆ.

ಇದಕ್ಕೆ ಮಲೆನಾಡಿನವರಿಗೆ ಹತ್ತಿರದ ಹೋಲಿಕೆ ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯ ಸಕ್ರೆಬೈಲು ಬಿಡಾರದ ಆನೆ. ಅದೂ ತಲೆತಲಾಂತರದಿಂದ ಊರಲ್ಲಿ ಬೆಳೆದು ಸ್ವಭಾವ ಬದಲಿಸಿಕೊಂಡ ದನಕರುವಿನಂಥ ಪ್ರಾಣಿಯಲ್ಲ, ಪಳಗಿದ ಕಾಡುಪ್ರಾಣಿ. ರಾತ್ರಿ ಮೇಯಲು ಕಾಡಿಗೆ ಬಿಡುವಾಗ ಆನೆಯ ಕಾಲಿಗೆ ಉದ್ದನೆಯ ಸರಪಳಿ ಇರುತ್ತದೆ. ಅದು ನೆಲದಲ್ಲಿ ಎಳೆದ ಗುರುತು ಹಿಡಿದು ಮಾವುತ ಬೆಳಿಗ್ಗೆ ಹುಡುಕಿಕೊಂಡು ಹೋಗುತ್ತಾನೆ. ಡೇಗೆಯ ಕಾಲಿಗೆ ಆ ಕೆಲಸಕ್ಕೆ ಗೆಜ್ಜೆ ಕಟ್ಟುತ್ತಿದ್ದರು. ಪೊದೆಯ ಹಿಂದೆ ಬೇಟೆಯ ಮೇಲೆ ಕೂತ ಹಕ್ಕಿಯನ್ನು ಸದ್ದಿನಿಂದ ಪತ್ತೆಮಾಡಬೇಕಲ್ಲ. ಲಾಹೋರಿನ ಗೆಜ್ಜೆಗಳು ಇದಕ್ಕಾಗಿ ಪಶ್ಚಿಮದ ಬೇಟೆಗಾರರಲ್ಲೂ ಹೆಸರಾಗಿದ್ದವು. ಈಗ ಗೆಜ್ಜೆಯ ಜೊತೆಗೆ ರೇಡಿಯೋ ಉಪಕರಣವೂ ಬಂದಿದೆ. ಆದರೂ ಹಕ್ಕಿಗಳು ಕಳೆದುಹೋಗುತ್ತವೆ. ಬೇಟೆಯ ಬೆನ್ನುಹತ್ತಿ ಗುಡ್ಡ ದಾಟುತ್ತವೆ, ಬಿಸಿಗಾಳಿಯ ಸುಳಿಗೆ ಸಿಕ್ಕಿ ಮೇಲೇರುತ್ತ ಕಣ್ಮರೆಯಾಗುತ್ತವೆ, ಇಲ್ಲವೇ ಸವೆದ ದಾರ ಹರಿದುಕೊಂಡು ಹೋಗುತ್ತವೆ.

ಹಾಗೆ ಹೋದ ಹಕ್ಕಿ ಕಾಡಿನಲ್ಲಿ ಬದುಕೀತೇ? ಪಂಜರದ ಗಿಳಿಯಂತೆ ಉಪವಾಸ ಬೀಳುತ್ತದೆ ಎಂಬ ನಂಬಿಕೆ ಎಲ್ಲ ಸಂದರ್ಭಕ್ಕೂ ಸರಿಯಲ್ಲ. ಬೇಟೆಯಾಡಿ ರೂಢಿಯಿದ್ದ ಹಕ್ಕಿಗೆ ಬೇಟೆ ಮರೆಯುವುದಿಲ್ಲ. ಅರಬರಲ್ಲಿ ಋತು ಮುಗಿದ ಮೇಲೆ ಹಕ್ಕಿಯನ್ನು ಬಿಟ್ಟುಬಿಡುವ ಸಂಪ್ರದಾಯವೇ ಇತ್ತು. ಅಬುಧಾಬಿಯ ಶೇಖ್ ಜಾಯೆದ್ ಹೆಸರಿನ ಯೋಜನೆಯೊಂದು 1995ರಿಂದ ಇದನ್ನು ವ್ಯವಸ್ಥಿತವಾಗಿ ಮಾಡಿಕೊಂಡು ಬಂದಿದೆ. ಬ್ರಿಟನ್ನಿನ ಉದಾಹರಣೆ ಇನ್ನೂ ವಿಚಿತ್ರ. ಅಲ್ಲಿ ಗಾಸ್‌ಹಾಕ್ ಎಂಬ ದೊಡ್ಡ ಗಿಡುಗ, ಎಂದರೆ ನಮ್ಮ ಬೇಟೆಗಾರರ ಬಾಜ್, ಹತ್ತೊಂಬತ್ತನೇ ಶತಮಾನದ ಕೊನೆಯ ವೇಳೆಗೆ ಕೋವಿಗೆ ಬಲಿಯಾಗಿ ನಿರ್ನಾಮವಾಗಿತ್ತು. 1960 ಮತ್ತು 70ರ ದಶಕಗಳಲ್ಲಿ ಬೇಟೆಗಾರರ ಕೈಯಿಂದ ತಪ್ಪಿಸಿಕೊಂಡ, ಕೆಲವು ಬೇಕೆಂದೇ ಬಿಟ್ಟ ಹಕ್ಕಿಗಳು ಕಾಡಿನಲ್ಲಿ ಗೂಡು ಕಟ್ಟಿ ಆ ಸಂತತಿಯನ್ನು ಮತ್ತೆ ಹುಟ್ಟುಹಾಕಿದವು. ಇಂದು ಅಲ್ಲಿ ಹಾರುವ ಗಾಸ್‌ಹಾಕ್‌ಗಳು ಬಹುಪಾಲು ಕೈತಪ್ಪಿದ ಹಕ್ಕಿಗಳ ಮರಿಮಕ್ಕಳು.

ಆದ್ದರಿಂದ ಕೈತಪ್ಪಿದ ಹಕ್ಕಿಗೆ ಹಸಿವಿಗಿಂತ ದೊಡ್ಡ ಶತ್ರು ಕಾಲಿನ ದಾರ. ಹಳೆಯ ಮಾದರಿಯ ತೊಗಲಿನ ಪಟ್ಟಿಗಳ ತುದಿಯಲ್ಲಿ ಹಗ್ಗ ಪೋಣಿಸಲು ಸೀಳು ಇರುತ್ತಿತ್ತು. ಹಕ್ಕಿ ಮರದಲ್ಲಿ ಕೂತಾಗ ಆ ಸೀಳಿಗೆ ಚಿಗುರು ಕೊಂಬೆಯೊಂದು ಸಿಕ್ಕಿಕೊಂಡರೆ ಮುಗಿಯಿತು. ಹಾರಲು ಹೋದ ಹಕ್ಕಿ ತಲೆಕೆಳಗಾಗಿ ನೇತುಬೀಳುತ್ತದೆ. ಎಷ್ಟು ಬಡಿದುಕೊಂಡರೂ ಬಿಡಿಸಿಕೊಳ್ಳಲಾರದು. ಇದನ್ನು ಕಂಡೇ ಬ್ರಿಟನ್ನಿನ ಬೇಟೆಗಾರರು ಹಾರಿಸುವ ಮುನ್ನ ಕಳಚಿಡಬಹುದಾದ ಪಟ್ಟಿಗಳನ್ನು ರೂಢಿಗೆ ತಂದರು. ಸಾಧಾರಣ ದಾರವಾದರೆ ಇನ್ನೂ ಅಪಾಯ. ಅದು ಮುಳ್ಳುಕಂಟಿಗೆ ಸುತ್ತಿಕೊಳ್ಳುತ್ತದೆ, ನೆನೆದು ಬಿಗಿಯುತ್ತದೆ, ರಕ್ತಸಂಚಾರ ನಿಂತು ಕಾಲು ಕೊಳೆಯುತ್ತದೆ. ಕಾಲಿಲ್ಲದ ಗಿಡುಗ ಬೇಟೆಯಾಡಲಾರದು.

ಘಟ್ಟದ ಸೀಮೆಯಲ್ಲಿ

ತುಂಗೆಯ ದಡದ ಶೃಂಗೇರಿಯಿಂದ ಕಿಗ್ಗದ ಮೇಲಿನ ನರಸಿಂಹಪರ್ವತದವರೆಗೆ, ಅಲ್ಲಿಂದ ಕುದುರೆಮುಖದ ಸಾಲಿನವರೆಗೆ ಇರುವುದು ಬೇಟೆಹಕ್ಕಿಗಳಿಗೆ ಹೇಳಿ ಮಾಡಿಸಿದ ನೆಲ. ತೋಟದ ಅಂಚಿನಲ್ಲಿ ಶಿಕ್ರಾ, ದಟ್ಟ ಕಾಡಿನಲ್ಲಿ ಬೆಸ್ರಾ ಮತ್ತು ಜುಟ್ಟಿನ ಗಿಡುಗ, ಹಾವು ಹಿಡಿಯುವ ಜುಟ್ಟಿನ ಹದ್ದು. ಎಲ್ಲಕ್ಕಿಂತ ಹೆಸರುವಾಸಿ ಶಾಹೀನ್. ಪಶ್ಚಿಮ ಘಟ್ಟದ ಕಡಿದಾದ ಬಂಡೆಗಳ ಚಾಚುಗಳಲ್ಲಿ ಮೊಟ್ಟೆಯಿಡುವ ಈ ಡೇಗೆ, ಗಂಟೆಗೆ 300 ಕಿಲೋಮೀಟರಿಗೂ ಮೀರಿ ಎರಗಬಲ್ಲ ಪೆರೆಗ್ರಿನ್ ಜಾತಿಯ ನಮ್ಮ ನೆಲದ ಕವಲು. ಅದರ ಉತ್ತರದ ಸಂಬಂಧಿ ‘ಬಹರಿ’ ಚಳಿಗಾಲದಲ್ಲಿ ಮಾತ್ರ ಬರುವ ಅತಿಥಿ. ಹೆಚ್ಚಾಗಿ ದೊಡ್ಡ ನೀರಿನ ಆಸುಪಾಸಿನಲ್ಲಿರುತ್ತದೆ. ಮದರಾಸು ಸೇನೆಯ ವೈದ್ಯನಾಗಿದ್ದ ಜರ್ಡನ್ 1862ರಿಂದ ಪ್ರಕಟವಾದ ತನ್ನ ಪಕ್ಷಿಗ್ರಂಥದಲ್ಲಿ ಶಾಹೀನನ್ನು ಪಳಗಿಸುವ ಬಗೆ ಹೇಳುತ್ತಾನೆ. ಅದನ್ನು ಕೈಯಿಂದ ಎಸೆಯುವುದಿಲ್ಲ. ಆಕಾಶದಲ್ಲಿ ಸುತ್ತುತ್ತ ಕಾಯಲು ಕಲಿಸಿ, ಕೆಳಗೆ ಬೇಟೆ ಎಬ್ಬಿಸಿದಾಗ ಎರಗುವಂತೆ ಮಾಡುತ್ತಾರೆ. ಶಿಕ್ರಾದ ಕ್ರಮವೇ ಬೇರೆ. ಅದನ್ನು ಅಂಗೈಯಲ್ಲಿ ಹಿಡಿದು, ಭರ್ಜಿ ಎಸೆದಂತೆ ಗೌಜಲಕ್ಕಿಯ ಕಡೆ ಎಸೆಯುತ್ತಿದ್ದರು.

ನರಸಿಂಹರಾಜಪುರ ಭದ್ರಾ ಜಲಾಶಯದ ಹಿನ್ನೀರಿನ ಊರು. ಎಡೆಹಳ್ಳಿಯೆಂದಿದ್ದ ಊರಿಗೆ 1915ರಲ್ಲಿ ಮೈಸೂರಿನ ಯುವರಾಜರ ಹೆಸರು ಬಂದಿತು. ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ರೀವಗಳು ದೊಡ್ಡ ಸಂಖ್ಯೆಯಲ್ಲಿ ಮರಿ ಮಾಡುತ್ತವೆ. ಹಕ್ಕಿಯಿರುವಲ್ಲಿ ಡೇಗೆ, ಮೀನಿರುವಲ್ಲಿ ಬಲೆ. ಮೀನುಗಾರರ ನೈಲಾನ್ ಎಳೆ, ಹಣ್ಣಿನ ಗಿಡಕ್ಕೆ ಹೊದಿಸಿದ ಬಲೆ, ಕಾಡುಕೋಳಿಗೆ ಒಡ್ಡಿದ ಉರುಳು ಇವೆಲ್ಲ ಗಿಡುಗದ ಕಾಲಿಗೂ ಸುತ್ತಿಕೊಳ್ಳಬಲ್ಲವು. ಹಾಗಾಗಿ ಕಾಲಿನಲ್ಲಿ ಎಳೆ ಕಂಡಾಕ್ಷಣ ‘ಯಾರೋ ಸಾಕಿದ ಹಕ್ಕಿ’ ಎಂದು ತೀರ್ಮಾನಿಸುವುದು ಅವಸರವಾದೀತು.

ಎರಡನ್ನೂ ಬೇರ್ಪಡಿಸಿ ನೋಡಲು ಕೆಲವು ಗುರುತುಗಳಿವೆ. ಎರಡೂ ಕಾಲಿಗೆ ಒಂದೇ ಅಳತೆಯ, ಒಂದೇ ಬಗೆಯ ಪಟ್ಟಿಯಿದ್ದರೆ ಅದು ಮನುಷ್ಯ ಕಟ್ಟಿದ್ದು. ಒಂದೇ ಕಾಲಿಗೆ ಅಡ್ಡಾದಿಡ್ಡಿ ಸುತ್ತಿದ್ದರೆ ಹೆಚ್ಚಾಗಿ ಅದಾಗಿಯೇ ಸಿಕ್ಕಿಕೊಂಡದ್ದು. ಬಾಲದ ಗರಿಗಳು ಮುರಿದು ಮೋಟಾಗಿದ್ದು ಮೂಗಿನ ಬುಡ ಗೀರಿದ್ದರೆ ತಂತಿಯ ಪಂಜರದಲ್ಲಿ ಬಡಿದುಕೊಂಡಿರಬಹುದು. ಮನುಷ್ಯರನ್ನು ಕಂಡು ಹೆದರದೆ ಕಿರಿಚುತ್ತ ಹತ್ತಿರ ಬಂದರೆ ಮರಿಯಿದ್ದಾಗಲೇ ಗೂಡಿನಿಂದ ಕದ್ದ ಹಕ್ಕಿ ಇರಬೇಕು. ಅಂಥದಕ್ಕೆ ಬೇಟೆ ಕಲಿಸಿದವರಿಲ್ಲ, ಬಿಟ್ಟರೆ ಬದುಕುವುದೂ ಕಷ್ಟ.

ಸಂಖ್ಯೆ ಮತ್ತು ವಿಳಾಸ ಕೆತ್ತಿದ ಲೋಹದ ಉಂಗುರದ ವಿಷಯ ಬೇರೆ. ಅದು ಸಂಶೋಧಕರ ಗುರುತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದಶಕಗಳಿಂದ ಹೀಗೆ ಉಂಗುರ ತೊಡಿಸುತ್ತಿದೆ. ಮಣಿಪುರ, ನಾಗಾಲ್ಯಾಂಡುಗಳಲ್ಲಿ 2013ರಿಂದ ಅಮೂರ್ ಡೇಗೆಗಳ ಬೆನ್ನಿಗೆ ಉಪಗ್ರಹ ಸಂಕೇತದ ಪುಟ್ಟ ಯಂತ್ರ ಕಟ್ಟಿ ಅವು ಅರಬ್ಬೀ ಸಮುದ್ರ ದಾಟಿ ಆಫ್ರಿಕಕ್ಕೆ ಹೋಗುವುದನ್ನು ಕಂಡುಕೊಂಡಿದ್ದಾರೆ. ಇಂಥ ಯಂತ್ರ ಕಂಡಾಗ ಗೂಢಚಾರಿಕೆಯ ಮಾತು ಏಳುವುದುಂಟು. 2025ರ ಡಿಸೆಂಬರ್‌ನಲ್ಲಿ ಕಾರವಾರದ ಕಡಲತೀರದಲ್ಲಿ ಜಿಪಿಎಸ್ ಹೊತ್ತ ಕಡಲಹಕ್ಕಿ ಸಿಕ್ಕಾಗಲೂ ಅದೇ ಆಯಿತು. ಉಪಕರಣದ ಮೇಲಿದ್ದುದು ಚೀನಾದ ಸಂಶೋಧನಾ ಸಂಸ್ಥೆಯೊಂದರ ವಿಳಾಸ. ತಮಾಷೆಯ ಸಂಗತಿಯೆಂದರೆ, ಹಕ್ಕಿಗೆ ಉಂಗುರ ತೊಡಿಸುವ ಮುನ್ನ ಅದನ್ನು ಹಿಡಿಯಲು ಜಗತ್ತಿನಾದ್ಯಂತ ವಿಜ್ಞಾನಿಗಳು ಬಳಸುವ ‘ಬಾಲ್‌ಛತ್ರಿ’ ಮತ್ತು ‘ದೋಗಜಾ’ ಎಂಬ ಸಾಧನಗಳು ನಮ್ಮ ದೇಶದ ಹಕ್ಕಿ ಹಿಡಿಯುವವರವು. ಮೊದಲನೆಯದು ಕೂದಲಿನ ಕುಣಿಕೆಗಳಿರುವ ಬುಟ್ಟಿ, ಎರಡನೆಯದು ಎರಡು ಗಜದ ಬಲೆ. ಹೆಸರೂ ಬದಲಾಗಿಲ್ಲ.

ಇನ್ನು ಹಕ್ಕಿ ಕೈಗೆ ಸಿಕ್ಕರೆ ಮಾಡಬೇಕಾದದ್ದು. ಕೊಂಬೆಗೆ ನೇತಾಡುತ್ತಿದ್ದರೆ ಕಾಯುತ್ತ ಕೂರುವಂತಿಲ್ಲ. ದಪ್ಪ ಬಟ್ಟೆ ಅಥವಾ ಗೋಣಿಯನ್ನು ತಲೆ ಮುಚ್ಚುವಂತೆ ಹೊದಿಸಬೇಕು. ಕತ್ತಲೆಯಾದ ಕೂಡಲೇ ಹಕ್ಕಿ ಸುಮ್ಮನಾಗುತ್ತದೆ. ಟೊಪ್ಪಿಗೆಯ ತತ್ವವೂ ಅದೇ ಅಲ್ಲವೇ. ಹೆದರಬೇಕಾದದ್ದು ಕೊಕ್ಕಿಗಲ್ಲ, ಉಗುರಿಗೆ. ಕೊಂಬೆಗೆ ಸಿಕ್ಕಿದ ದಾರವನ್ನು ಕೊಂಬೆಯ ಬಳಿ ಕತ್ತರಿಸಿ, ಗಾಳಿಯಾಡುವ ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಡುವುದು ಕ್ಷೇಮ. ಹಾಲು, ಅನ್ನ ತಿನ್ನಿಸುವ ಕರುಣೆ ಬೇಡ. ಬಾಯಿಗೆ ನೀರು ಸುರಿಯುವುದೂ ಬೇಡ. ಕಾಲಿಗೆ ಬಿಗಿದ ಗಂಟನ್ನು ಮನೆಯ ಕತ್ತರಿಯಲ್ಲಿ ಬಿಡಿಸಲು ಹೋಗಿ ಗಾಯ ಮಾಡುವುದಕ್ಕಿಂತ ಪಶುವೈದ್ಯರಿಗೆ ಬಿಡುವುದು ಮೇಲು. ಹಾಗೆಂದು ದಾರ ಸಮೇತ ಹಾರಿಬಿಟ್ಟರೆ ಮುಂದಿನ ಮರದಲ್ಲೇ ಅದು ಮತ್ತೆ ಸಿಕ್ಕಿಕೊಳ್ಳಬಹುದು.

ಕೊಪ್ಪದಲ್ಲಿ ಅರಣ್ಯ ವಿಭಾಗದ ಕಚೇರಿಯಿದೆ. ಹತ್ತಿರದ ವಲಯ ಅರಣ್ಯ ಕಚೇರಿಗೆ ಅಂದೇ ತಿಳಿಸಬೇಕು. ‘ನಾಲ್ಕು ದಿನ ಸಾಕಿ ಚೇತರಿಸಿಕೊಂಡ ಮೇಲೆ ಬಿಡೋಣ’ ಎಂಬ ಒಳ್ಳೆಯ ಮನಸ್ಸಿಗೂ ಕಾನೂನಿನಲ್ಲಿ ಜಾಗವಿಲ್ಲ. ಶಾಹೀನ್ ಸೇರಿದಂತೆ ಹಲವು ಬೇಟೆಹಕ್ಕಿಗಳು ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಆ ಪಟ್ಟಿಯ ಪ್ರಾಣಿಯ ವಿಷಯದ ಅಪರಾಧಕ್ಕೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆ. ದಂಡದ ಕನಿಷ್ಠ ಮೊತ್ತವನ್ನು 2022ರ ತಿದ್ದುಪಡಿ 25,000 ರೂಪಾಯಿಗೆ ಏರಿಸಿತು. ಹಕ್ಕಿ ದಾರದೊಂದಿಗೆ ಹಾರಾಡುತ್ತಿದ್ದು ಕೈಗೆ ಸಿಗದಿದ್ದರೆ ಬೆನ್ನಟ್ಟದೆ, ಕೂತ ಮರ ಮತ್ತು ಹೊತ್ತನ್ನು ಗುರುತು ಹಾಕಿಕೊಂಡು ತಿಳಿಸಿದರೆ ಸಾಕು. ಹಸಿದ ಹಕ್ಕಿ ಅದೇ ಜಾಗಕ್ಕೆ ಮರಳುವುದು ಹೆಚ್ಚು.

ಗಾಯ ಮಾಗಿದ ಮೇಲೂ ತಿಂಗಳುಗಟ್ಟಲೆ ಕೂತ ಗಿಡುಗದ ರೆಕ್ಕೆಯಲ್ಲಿ ಬಲವಿರುವುದಿಲ್ಲ. ಅದಕ್ಕೆ ಕಸುವು ಬರಿಸಲು ಹಲವು ದೇಶಗಳ ರಕ್ಷಣಾ ಕೇಂದ್ರಗಳು ಅನುಸರಿಸುವುದು ಹಳೆಯ ಬೇಟೆಗಾರರ ಪಾಠವನ್ನೇ. ಕಾಲಿಗೆ ತೊಗಲಿನ ಪಟ್ಟಿ ತೊಡಿಸಿ, ಉದ್ದನೆಯ ದಾರ ಕಟ್ಟಿ ಬಯಲಿನಲ್ಲಿ ಹಾರಿಸುತ್ತಾರೆ. ಮೊದಲ ದಿನ ಹತ್ತು ಗಜ, ಆಮೇಲೆ ನೂರು. ಉಸಿರು ಕಟ್ಟದೆ ಹಾರುವಷ್ಟು ಬಲ ಬಂತೆನಿಸಿದ ದಿನ ಹಕ್ಕಿಯನ್ನು ಕೈಯಲ್ಲಿ ಹಿಡಿದು ದಾರ ಬಿಚ್ಚುತ್ತಾರೆ. ಬೇಟೆಗಾರನಾದರೆ ಅಲ್ಲಿಗೆ ನಿಲ್ಲಿಸುತ್ತಿದ್ದ. ಇವರು ಪಟ್ಟಿಗಳನ್ನೂ ಕತ್ತರಿಸಿ ತೆಗೆದು ಬಿಡುತ್ತಾರೆ.